ಮಕ್ಕಳ ಭೇದಿಗೆ ಜಿಂಕ್: ರಿವ್ಯೂ ಹೇಳುವ 'ಅರ್ಧ ದಿನ'ವನ್ನು ಹೇಗೆ ಓದೋದು?

ಪ್ರಶ್ನೆ:
ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ 14 ದಿನ ಜಿಂಕ್ ಮಾತ್ರೆ ಕೊಡಿ ಅಂತ ಆಶಾ ಕಾರ್ಯಕರ್ತೆಯರು ಹೇಳ್ತಾರೆ. 2016ರ ಕಾಕ್ರೇನ್ ಸಿಸ್ಟಮ್ಯಾಟಿಕ್ ರಿವ್ಯೂ (ಒಂದೇ ವಿಷಯದ ಪ್ರಯೋಗಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗುವ ವರದಿ) ತೆಗೆದು ನೋಡಿದರೆ ಭೇದಿ ಅರ್ಧ ದಿನ ಬೇಗ ನಿಲ್ಲುತ್ತೆ, ವಾಂತಿ ಜಾಸ್ತಿ ಅಂತಿದೆ. ಇಷ್ಟಕ್ಕೆ 14 ದಿನ ಬೇಕಾ?

ಉತ್ತರ 1:
ಸರಾಸರಿಗೇ ನಿಂತುಬಿಟ್ಟಿದ್ದೀರಿ, ಕೆಳಗಿನ ಸಾಲುಗಳನ್ನೂ ಓದಿ. 33 ಪ್ರಯೋಗ, 10,841 ಮಕ್ಕಳು. ಆದರೆ ಎಲ್ಲರದ್ದೂ ಒಂದೇ ಲೆಕ್ಕವಲ್ಲ. ಆರು ತಿಂಗಳು ದಾಟಿದವರಲ್ಲಿ ಸುಮಾರು 11 ಗಂಟೆ ಉಳಿತಾಯ. ಅದೂ 3ರಿಂದ 20 ಗಂಟೆಯೊಳಗೆ ಎಲ್ಲಾದರೂ ಇರಬಹುದು, ಪುರಾವೆಯ ದರ್ಜೆ (ಎಷ್ಟು ನಂಬಬಹುದು ಅನ್ನೋದು) 'ಕಡಿಮೆ'. ಅಪೌಷ್ಟಿಕತೆ ಕಾಣುವ ಮಕ್ಕಳಲ್ಲಿ 26 ಗಂಟೆ, ದರ್ಜೆ 'ಹೆಚ್ಚು'. ಆರು ತಿಂಗಳೊಳಗಿನ ಕೂಸುಗಳಿಗೆ ಪ್ರಯೋಜನ ಕಂಡಿಲ್ಲ. ನಿಮ್ಮ ಮುಂದಿರುವ ಮಗು ಇದರಲ್ಲಿ ಯಾವ ಗುಂಪು ಅನ್ನೋದು ಮೊದಲು.

ಏಳನೇ ದಿನಕ್ಕೂ ನಿಲ್ಲದ ಭೇದಿಯ ಅನುಪಾತ (ಜಿಂಕ್ ಪಡೆದವರ ಅಪಾಯವನ್ನು ಪಡೆಯದವರ ಅಪಾಯಕ್ಕೆ ಹೋಲಿಸಿದ್ದು) 0.73. ಶೇಕಡಾ 27 ಇಳಿಕೆ ಅಂದರೆ ದೊಡ್ಡದಾಗಿ ಕೇಳುತ್ತೆ. ನೂರರಲ್ಲಿ 10 ಮಕ್ಕಳಿಗೆ ಹಾಗೆ ಎಳೆಯುವ ಊರಲ್ಲಿ ಅದು 7ಕ್ಕೆ ಇಳಿಯುತ್ತೆ. 2 ಮಕ್ಕಳಿಗೆ ಎಳೆಯುವ ಕಡೆ ಒಂದೂವರೆ. ಮೂಲ ಅಪಾಯ ತಿಳಿಯದೆ ಅನುಪಾತ ಹಿಡಿದುಕೊಂಡರೆ ಕೈಗೆ ಏನೂ ಸಿಗಲ್ಲ.

ಉತ್ತರ 2:
14 ದಿನದ ಗುರಿಯೇ ಬೇರೆ. ಮುಂದಿನ 2-3 ತಿಂಗಳು ಭೇದಿ ಮರುಕಳಿಸದಿರಲಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಕಾರಣ. ಅದನ್ನು 'ಎಷ್ಟು ಗಂಟೆ ಬೇಗ ನಿಂತಿತು' ಅನ್ನೋ ಕೋಷ್ಟಕದಲ್ಲಿ ಹುಡುಕಬೇಡಿ.

ವಾಂತಿ ನಿಜ, ಅನುಪಾತ 1.57. ಆದರೆ ಯಾವುದೇ ರಿವ್ಯೂ ತನ್ನ ಹುಡುಕಾಟ ಮುಗಿದ ತಾರೀಖಿನವರೆಗಿನದನ್ನಷ್ಟೇ ಹೇಳಬಲ್ಲದು. 2020ರಲ್ಲಿ ಪ್ರಕಟವಾದ ಭಾರತ-ತಾಂಜಾನಿಯಾ ಪ್ರಯೋಗ 4,500 ಮಕ್ಕಳಲ್ಲಿ 20, 10, 5 ಮಿ.ಗ್ರಾಂ. ಹೋಲಿಸಿತು. ಕಡಿಮೆ ಡೋಸ್ ಗುಣದಲ್ಲಿ ಹಿಂದೆ ಬೀಳಲಿಲ್ಲ. ಕೊಟ್ಟ ಅರ್ಧ ಗಂಟೆಯಲ್ಲಿ ವಾಂತಿ 20 ಮಿ.ಗ್ರಾಂ.ನಲ್ಲಿ ಶೇ. 19.3, 5ರಲ್ಲಿ ಶೇ. 13.7. ಹಾಗಂತ ಮನೆಯಲ್ಲೇ ಮಾತ್ರೆ ಮುರಿದು ಡೋಸ್ ಇಳಿಸೋದು ಬೇಡ, ಡಾಕ್ಟರನ್ನು ಕೇಳಿ.

ಪ್ರಶ್ನೆ ಕೇಳಿದವರು:
ಹಾಗಾದರೆ ವಾಂತಿ ಮಾಡಿಕೊಳ್ಳುವ ಮಗುವಿಗೆ ಜಿಂಕ್ ನಿಲ್ಲಿಸಿ ಓಆರ್‌ಎಸ್ ಮಾತ್ರ ಕೊಟ್ಟರೆ?

ಉತ್ತರ 3:
ಓಆರ್‌ಎಸ್ ಯಾವ ಕಾರಣಕ್ಕೂ ತಪ್ಪಬಾರದು. ಜಿಂಕ್ ಅದರ ಮೇಲಿನ ಸೇರ್ಪಡೆ, ಬದಲಿ ಅಲ್ಲ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಓಆರ್‌ಎಸ್ ಮುಂದುವರಿಸಿ. ಜಿಂಕ್ ನಿಲ್ಲಿಸಬೇಕೋ ಬೇಡವೋ ಡಾಕ್ಟರ್ ಹೇಳಲಿ. ಕಣ್ಣು ಗುಳಿ ಬಿದ್ದು, ಮಗು ಮಂಕಾಗಿ ಕುಡಿಯದೇ ಹೋದರೆ ರಿವ್ಯೂ ಮುಚ್ಚಿಟ್ಟು ಆಸ್ಪತ್ರೆಗೆ ಹೊರಡಿ.