ಮನೇಲಿ ಕಟ್ಟಿದ ಕಾರಿಗೆ ಪೆಟ್ರೋಲ್ ಪೈಪು ಯಾವ ಕಡೆಯಿಂದ ತರೋದು?

ಸಿರಾಗೇಟ್ ಸೆವೆನ್, ತುಮಕೂರು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಭಾನುವಾರ ಮಾತ್ರ ಕೂತು ಲೋಟಸ್ ಸೆವೆನ್ (ಹಳೇ ಕಾಲದ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಥರದ ಒಂದು ಪುಟ್ಟ ಕಾರು ಕಟ್ಟುತ್ತಿದ್ದೇನೆ. ಕಿಟ್ ಅಂತ ಡಬ್ಬದಲ್ಲಿ ಬಂದಿದ್ದಲ್ಲ. ಡ್ರಾಯಿಂಗ್ ನೋಡಿಕೊಂಡು ಒಂದಿಂಚಿನ ಚೌಕ ಪೈಪಿನಲ್ಲಿ ಚಾಸಿ (ಗಾಡಿಯ ಚೌಕಟ್ಟು) ವೆಲ್ಡ್ ಮಾಡಿಸಿದೆ, ಎಂಜಿನ್ನು ಗೇರ್‌ಬಾಕ್ಸು ಎರಡೂ ಹಳೇ ಕಾರ್ಬೊರೇಟರ್ ಓಮ್ನಿಯದು. ಮಾರುತಿ 800ರಲ್ಲೂ ಅದೇ 796 ಸಿಸಿ ಎಂಜಿನ್ ಇದ್ದರೂ ಅದು ಮುಂದಿನ ಚಕ್ರ ತಿರುಗಿಸುತ್ತದೆ, ನನಗೆ ಹಿಂದಿನದು ತಿರುಗಬೇಕಿತ್ತು.

ಈಗ ಸಿಕ್ಕಿಹಾಕಿಕೊಂಡಿರುವುದು ಪೆಟ್ರೋಲ್ ಪೈಪಿನಲ್ಲಿ. ಟ್ಯಾಂಕು ಹಿಂದೆ, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ಗಿಂತಲೂ ಆಚೆ. ಎಂಜಿನ್ನು ಮುಂದೆ. ಮಧ್ಯೆ ಮೂರು ದಾರಿ ಕಾಣಿಸುತ್ತಿದೆ. ಒಂದು, ಸೀಟುಗಳ ನಡುವಿನ ಟನಲ್ ಒಳಗೆ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ದಂಡ) ಪಕ್ಕದಲ್ಲೇ ತರೋದು. ಎರಡು, ಚಾಸಿಯ ಕೆಳಗೆ ನೆಲದ ಕಡೆಯಿಂದ. ಮೂರು, ಬಲಗಡೆ ಚಾಸಿ ಪೈಪಿನ ಒಳಮಗ್ಗುಲಿಗೆ ಅಂಟಿಸಿಕೊಂಡು, ಅಂದರೆ ನನ್ನ ತೊಡೆ ಪಕ್ಕದಲ್ಲೇ. ಸೈಲೆನ್ಸರ್ ಪೂರ್ತಿ ಎಡಗಡೆ ಹೋಗುತ್ತದೆ. ಟನಲ್ ನೋಡೋಕೆ ನೀಟಾಗಿದೆ, ಏನೂ ಕಾಣಿಸಲ್ಲ, ಆದ್ದರಿಂದ ಅದೇ ಅಂತ ಅರ್ಧ ಮನಸ್ಸು ಮಾಡಿದ್ದೇನೆ. ಫ್ರಿಜ್ ಸಾಮಾನಿನ ಅಂಗಡಿಯಿಂದ 8 ಎಂಎಂ ತಾಮ್ರದ ಪೈಪು ನಾಲ್ಕು ಮೀಟರ್ ತಂದೂ ಆಗಿದೆ. ಕೈಯಲ್ಲೇ ಬಗ್ಗುತ್ತೆ, ಚೆನ್ನಾಗಿದೆ. ಸರಿ ಹೋಗುತ್ತಾ?

ಹಳೇ ಕಾರ್ಬೊರೇಟರ್, ಕೋಲಾರ:

ಮೊದಲು ಆ ತಾಮ್ರದ ಪೈಪನ್ನು ಪಕ್ಕಕ್ಕಿಡಿ ಗುರುಗಳೇ. ಇವತ್ತು ಕೈಯಲ್ಲಿ ಬಗ್ಗುತ್ತೆ ನಿಜ, ಆದರೆ ತಾಮ್ರ ಅದುರಿದಷ್ಟೂ ಗಡುಸಾಗುತ್ತದೆ, ಗಡುಸಾದ ಮೇಲೆ ಕ್ಲಿಪ್ಪಿನ ಅಂಚಿನಲ್ಲೋ ಬೆಂಡ್ ಇರೋ ಕಡೆಯೋ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಫ್ರಿಜ್ ಒಂದು ಕಡೆ ನಿಂತಿರುತ್ತದೆ, ಮೂರು ಸಿಲಿಂಡರಿನ ಎಂಜಿನ್ ಹಾಗಲ್ಲವಲ್ಲ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪೆಟ್ರೋಲು ತಾಮ್ರದ ಜೊತೆ ತುಂಬ ದಿನ ನಿಂತರೆ ಬೇಗ ಹಳಸಿ ಅಂಟು ಕಟ್ಟುತ್ತದೆ, ನಿಮ್ಮ ಹಾಗೆ ವಾರಕ್ಕೊಂದು ಸಲ ಸ್ಟಾರ್ಟ್ ಮಾಡೋರಿಗೆ ಅದು ನೇರ ಕಾರ್ಬೊರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಬರೋ ಸಣ್ಣ ತೂತಿಗೆ, ಹೋಗಿ ಕೂರುತ್ತದೆ. ಬ್ರೇಕ್ ಪೈಪು ಮಾಡಿಕೊಡುವ ಅಂಗಡಿಯಲ್ಲಿ 8 ಎಂಎಂ ಸ್ಟೀಲ್ ಪೈಪು ಕೇಳಿ, ಬಂಡಿ (bundy) ಪೈಪು ಅಂತಾರೆ. ತಾಮ್ರ ನಿಕಲ್ ಬೆರೆತ ಪೈಪು ಸಿಕ್ಕಿದರೆ ಇನ್ನೂ ಸುಲಭ, ಬಗ್ಗುತ್ತೆ, ತುಕ್ಕು ಹಿಡಿಯಲ್ಲ, ಬರೀ ತಾಮ್ರದಷ್ಟು ಬೇಗ ಬಿರುಕೂ ಬಿಡಲ್ಲ.

ಟನಲ್ ವಿಷಯಕ್ಕೆ ಬಂದರೆ, ಏನೂ ಕಾಣಿಸಲ್ಲ ಅನ್ನೋದನ್ನ ನೀವು ಲಾಭ ಅಂತ ಹೇಳಿದ್ದೀರಿ. ನನ್ನ ಪ್ರಕಾರ ಅದೇ ತೊಂದರೆ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ಒಂದು ಸಲ ಮುರಿದರೆ ಶಾಫ್ಟು ಟನಲ್ ಒಳಗೆ ದೊಣ್ಣೆ ಬೀಸಿದ ಹಾಗೆ ಬೀಸುತ್ತದೆ. ಅಲ್ಲೇ ಪೆಟ್ರೋಲ್ ಪೈಪು ಇದ್ದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಟನಲ್‌ನಲ್ಲೇ ತರಬೇಕು ಅಂತ ಹಟ ಇದ್ದರೆ ಮೇಲಿನ ಮೂಲೆಯಲ್ಲಿ, ಚಾಸಿ ಪೈಪಿನ ಮರೆಯಲ್ಲಿ ತನ್ನಿ, ಶಾಫ್ಟಿನ ಸುತ್ತ ದಪ್ಪ ಪಟ್ಟಿಯ ಬಳೆ ಒಂದು ವೆಲ್ಡ್ ಮಾಡಿಸಿ.

ಕೆಳಗಿನಿಂದ ಬೇಡವೇ ಬೇಡ. ಸೆವೆನ್ ಥರದ ಗಾಡಿ ನೆಲಕ್ಕೆ ಎಷ್ಟು ಹತ್ತಿರ, ನಮ್ಮ ಹಂಪ್‌ಗಳು ಎಷ್ಟು ಎತ್ತರ!

ನಂದಿ ಇಳಿಜಾರು, ಚಿಕ್ಕಬಳ್ಳಾಪುರ:

ಮೂರನೇ ದಾರಿಗೆ ನನ್ನ ಓಟು. ಆದರೆ ದಾರಿಗಿಂತ ಕ್ಲಿಪ್ಪು ಮುಖ್ಯ. ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ.

ನಮ್ಮ ತೋಟದಲ್ಲಿ ಓಡಿಸೋಕೆ ಅಂತ ಒಂದು ಬಗ್ಗಿ ಮಾಡಿದ್ದೆ. ಚಾಸಿ ತಗಡಿನಲ್ಲಿ ತೂತು ಕೊರೆದು ರಬ್ಬರ್ ಪೈಪನ್ನು ಹಾಗೇ ತೂರಿಸಿದ್ದೆ, ತೂತಿನ ಅಂಚಿಗೆ ಹಾಕೋ ರಬ್ಬರ್ ಬಳೆ, ಗ್ರಾಮೆಟ್, ನಾಳೆ ಹಾಕೋಣ ಅಂತ. ಆ ನಾಳೆ ಬರಲೇ ಇಲ್ಲ. ನಾಲ್ಕು ತಿಂಗಳಲ್ಲಿ ತಗಡಿನ ಅಂಚು ಪೈಪನ್ನು ಗರಗಸದ ಹಾಗೆ ಕೊಯ್ದಿತ್ತು. ಒಂದು ಸಂಜೆ ಶೆಡ್ಡಲ್ಲಿ ವಾಸನೆ ಬಂತು, ಸ್ವಲ್ಪ ಚೆಲ್ಲಿರಬೇಕು ಅಂದುಕೊಂಡೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಮೇಲೆ ಹೋಗಲ್ಲ, ನೆಲದ ಮೇಲೆ ಹರಿದು ಗಾಡಿ ಕೆಳಗಿನ ಗುಂಡಿಯಲ್ಲಿ ತುಂಬಿಕೊಂಡಿತ್ತು. ಅಷ್ಟರಲ್ಲಿ ನಮ್ಮ ಮಾವ ಬಾಗಿಲಲ್ಲಿ ನಿಂತು ಬೀಡಿ ಹಚ್ಚೋಕೆ ಕಡ್ಡಿಪೆಟ್ಟಿಗೆ ತೆಗೆದರು. ನಾನು ಕೂಗಿದ ಕೂಗಿಗೆ ಅವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲಿಂದ ನನ್ನ ಕ್ರಮ ಹೀಗಿದೆ. ಉದ್ದಕ್ಕೂ ಸ್ಟೀಲ್ ಪೈಪು, ಎರಡು ತುದಿಯಲ್ಲಿ ಮಾತ್ರ ರಬ್ಬರು. ಒಂದಡಿಗೊಂದು ರಬ್ಬರ್ ಹೊದಿಕೆಯ, P ಅಕ್ಷರದ ಆಕಾರದ ಪಿ ಕ್ಲಿಪ್ಪು, ಕೇಬಲ್ ಟೈ ಅಲ್ಲ. ಎಂಜಿನ್ನು ಮೌಂಟಿಂಗ್ ಮೇಲೆ ಅಲ್ಲಾಡುತ್ತೆ, ಚಾಸಿ ಅಲ್ಲಾಡಲ್ಲ, ಆದ್ದರಿಂದ ಅವೆರಡರ ಮಧ್ಯದ ರಬ್ಬರ್ ತುಂಡನ್ನು ಬಿಗಿಯಾಗಿ ಎಳೆದು ಕಟ್ಟದೆ ಒಂದು ಸಡಿಲ ಬಾಗು ಬಿಡಬೇಕು. ವೈರಿಂಗ್ ಜೊತೆ ಒಂದೇ ಕ್ಲಿಪ್ಪಿನಲ್ಲಿ ಕಟ್ಟಬಾರದು. ಸ್ಟಾರ್ಟರ್ ವೈರಂತೂ ಹತ್ತಿರಕ್ಕೂ ಬರಬಾರದು.

ಪೈಪು ಬಗ್ಗಿಸೋ ಮೊದಲು ದಪ್ಪ ಜಿಐ ತಂತಿ ತಗೊಂಡು ದಾರಿ ಪೂರ್ತಿ ಬಗ್ಗಿಸಿ ನೋಡಿ. ತಂತಿ ಕೂತ ಮೇಲೆ ಅದನ್ನು ಅಳತೆ ಇಟ್ಟುಕೊಂಡು ಪೈಪು ಬಗ್ಗಿಸಿದರೆ ಕೆಡಲ್ಲ. ಹ್ಯಾಕ್ಸಾದಲ್ಲಿ ಕೊಯ್ಯಬೇಡಿ, ಕಬ್ಬಿಣದ ಪುಡಿ ಒಳಗೆ ಉಳಿಯುತ್ತೆ. ಟ್ಯೂಬ್ ಕಟರ್ ಇರಲಿ.

ಸಿರಾಗೇಟ್ ಸೆವೆನ್, ತುಮಕೂರು:

ಮಾವನ ಕಥೆ ಓದಿ ನಮ್ಮನೆಯವರು ಶೆಡ್ಡಿಗೆ ಹೊಸ ಬೀಗ ಹಾಕ್ತೀನಿ ಅಂತಿದ್ದಾರೆ. ಸರಿ, ತಾಮ್ರ ಬಿಟ್ಟೆ, ಟನಲ್ಲೂ ಬಿಟ್ಟೆ. ಇನ್ನೆರಡು ಅನುಮಾನ. ಎಲೆಕ್ಟ್ರಿಕ್ ಪಂಪ್ ಬೇಕಾ? ಒಬ್ಬರು ಇಂಜೆಕ್ಷನ್ ಗಾಡಿಯ ಪಂಪು ಪುಕ್ಕಟೆ ಕೊಡ್ತೀನಿ ಅಂದಿದ್ದಾರೆ. ರಬ್ಬರ್ ತುಂಡಿಗೆ ಯಾವುದು ತರೋದು?

ಹಳೇ ಕಾರ್ಬೊರೇಟರ್, ಕೋಲಾರ:

ಪುಕ್ಕಟೆ ಪಂಪು ಬೇಡ! ಇಂಜೆಕ್ಷನ್ ಪಂಪು 3 ಬಾರ್ ಆಸುಪಾಸು ಒತ್ತುತ್ತದೆ, ನಿಮ್ಮ ಕಾರ್ಬೊರೇಟರಿಗೆ ಪೆಟ್ರೋಲ್ ಬಿಡೋ, ತಡೆಯೋ ನೀಡಲ್ಲಿಗೆ ಬೇಕಿರೋದು 0.2, 0.3 ಬಾರ್ ಅಷ್ಟೇ. ನೀಡಲ್ ತಡೆಯಲ್ಲ, ಪೆಟ್ರೋಲು ಉಕ್ಕಿ ಎಂಜಿನ್ ಮೇಲೆಲ್ಲ ಸುರಿಯುತ್ತದೆ. ಎಂಜಿನ್ ಮೇಲಿರುವ ಮೆಕ್ಯಾನಿಕಲ್ ಪಂಪೇ ಸಾಕು. ಅದರಲ್ಲಿ ರಿಟರ್ನ್ ಮೂತಿ ಇದ್ದರೆ ಮುಚ್ಚಬೇಡಿ, 6 ಎಂಎಂ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಕೊಡಿ. ಪೆಟ್ರೋಲಿನಲ್ಲಿ ಬೇಗ ಹಾರೋ ಭಾಗ 40 ಡಿಗ್ರಿ ಹತ್ತಿರವೇ ಕುದಿಯೋಕೆ ಶುರು ಆಗುತ್ತೆ, ಏಪ್ರಿಲ್ ಮಧ್ಯಾಹ್ನ ಬಾನೆಟ್ ಕೆಳಗೆ ಎಷ್ಟಿರುತ್ತೆ ಯೋಚಿಸಿ. ತಿರುಗಾಡ್ತಾ ಇರೋ ಪೆಟ್ರೋಲು ತಣ್ಣಗಿರುತ್ತೆ, ನಿಂತಿದ್ದು ಗುಳ್ಳೆ ಕಟ್ಟುತ್ತೆ, ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗಲ್ಲ. ಮುಂದೆ ಎಂದಾದರೂ ಎಲೆಕ್ಟ್ರಿಕ್ ಹಾಕಿದರೆ ಕಡಿಮೆ ಪ್ರೆಷರಿನದ್ದೇ ತಂದು ಟ್ಯಾಂಕಿನ ಹತ್ತಿರ ತಗ್ಗಿನಲ್ಲಿಡಿ, ಅವು ಎಳೆಯೋದಕ್ಕಿಂತ ತಳ್ಳೋದು ಚೆನ್ನಾಗಿ ಮಾಡುತ್ತವೆ. ಡಿಕ್ಕಿ ಆದಾಗ ತಾನೇ ಆಫ್ ಆಗುವ ಇನರ್ಷಿಯಾ ಸ್ವಿಚ್ಚೂ ಹಾಕಲೇಬೇಕು.

ರಬ್ಬರಿಗೆ ಕಂಜೂಸಿ ಮಾಡಬೇಡಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಹಳೇ ಮಾದರಿ ರಬ್ಬರು ಅದರಲ್ಲಿ ಊದಿ ಮೆತ್ತಗಾಗುತ್ತೆ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಗುಣಮಟ್ಟದ ಗುರುತು ಅಚ್ಚಾಗಿರೋದನ್ನೇ ತನ್ನಿ. ಏನೂ ಅಚ್ಚಿಲ್ಲದ ಕರೀ ಪೈಪು ಮೀಟರ್ ಲೆಕ್ಕದಲ್ಲಿ ಕೊಟ್ಟರೆ ನಮಸ್ಕಾರ ಹೇಳಿ ಬನ್ನಿ. ಸ್ಟೀಲ್ ಪೈಪಿನ ತುದಿಯಲ್ಲಿ ಫ್ಲೇರಿಂಗ್ ಟೂಲ್‌ನಿಂದ ಒಂದು ಉಬ್ಬು ಎಬ್ಬಿಸಿ, ಇಲ್ಲದಿದ್ದರೆ ಕ್ಲಿಪ್ಪು ಎಷ್ಟು ಬಿಗಿದರೂ ರಬ್ಬರು ಜಾರಿ ಬರುತ್ತೆ.

ಮೂರನೇ ಗೇರ್, ಗೌರಿಬಿದನೂರು:

ಮಧ್ಯೆ ಬಾಯಿ ಹಾಕ್ತಿದ್ದೀನಿ. ಪೈಪೆಲ್ಲ ಸರಿ, ಇದನ್ನ ರಿಜಿಸ್ಟರ್ ಹೇಗೆ ಮಾಡಿಸ್ತೀರಿ? ಇದು ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಆಲ್ಟರೇಷನ್ (ಇರೋ ಗಾಡಿಯಲ್ಲಿ ಬದಲಾವಣೆ) ಅಲ್ಲ, ಹೊಸ ಗಾಡಿ. ಕೇಂದ್ರ ಮೋಟಾರು ವಾಹನ ನಿಯಮಗಳ ರೂಲ್ 126ರ ಪ್ರಕಾರ ಪ್ರೊಟೊಟೈಪ್ (ಮೊದಲ ಮಾದರಿ) ಟೆಸ್ಟ್ ಆಗಬೇಕು, ಪುಣೆಯ ಎಆರ್‌ಎಐ ಥರದ ಗಾಡಿ ಪರೀಕ್ಷಿಸೋ ಸಂಸ್ಥೆಯಲ್ಲಿ. ನಮ್ಮಂಥೋರಿಗೆ ಆಗೋ ಮಾತಲ್ಲ.

ಸಿರಾಗೇಟ್ ಸೆವೆನ್, ತುಮಕೂರು:

ಗೊತ್ತು ಸರ್, ರೋಡಿಗೆ ಇಳಿಸೋ ಯೋಚನೆ ಇಲ್ಲ. ಅಣ್ಣನ ಜಮೀನಿನಲ್ಲಿ ಅರ್ಧ ಕಿಲೋಮೀಟರ್ ಮಣ್ಣು ದಾರಿ ಇದೆ, ಟ್ರೈಲರ್ ಮೇಲೆ ಹೊತ್ಕೊಂಡು ಹೋಗೋದು.

ಸಿರಾಗೇಟ್ ಸೆವೆನ್, ತುಮಕೂರು (ಮೂರು ವಾರದ ಮೇಲೆ):

ಮುಗೀತು. ಬಲಗಡೆ ಮೇಲಿನ ಚಾಸಿ ಪೈಪಿನ ಒಳಮಗ್ಗುಲಲ್ಲೇ ತಂದೆ, ಮೇಲೆ ತಗಡಿನ ಕವರ್ ಹಾಕಿದೆ, ನಾಲ್ಕು ಸ್ಕ್ರೂ ಬಿಚ್ಚಿದರೆ ಉದ್ದಕ್ಕೂ ಕೈಯಾಡಿಸಬಹುದು. ತಂತಿ ಬಗ್ಗಿಸೋ ಉಪಾಯ ಬಹಳ ಉಪಯೋಗ ಆಯ್ತು, ಆದರೂ ಒಂದು ಬೆಂಡ್ ಚಪ್ಪಟೆಯಾಗಿ ಒಂದು ಪೈಪು ಹಾಳು ಮಾಡಿದೆ. ಟ್ಯಾಂಕಿನ ಬಾಯಲ್ಲಿ ಬೈಕಿನ ಪೆಟ್ರೋಲ್ ಕಾಕ್ ಒಂದನ್ನು ಕೂರಿಸಿದೆ, ಮನೆಗೆ ಬಂದ ಮೇಲೆ ಮುಚ್ಚಿಬಿಡ್ತೀನಿ.

ಪೆಟ್ರೋಲು ತುಂಬೋ ಮೊದಲು ಟ್ಯಾಂಕು, ಪಂಪು ಎರಡೂ ಕಡೆ ಬಿಚ್ಚಿ ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಸೈಕಲ್ ಪಂಪಿನಲ್ಲಿ 1 ಬಾರ್ ಗಾಳಿ ಕೊಟ್ಟು ಸೋಪು ನೀರು ಹಚ್ಚಿದೆ. ಪಂಪಿನ ಕಡೆ ಕ್ಲಿಪ್ಪಲ್ಲಿ ಗುಳ್ಳೆ ಬಂತು! ಬಿಚ್ಚಿ ನೋಡಿದರೆ ಆ ತುದಿಗೆ ಉಬ್ಬು ಎಬ್ಬಿಸೋದನ್ನೇ ಮರೆತಿದ್ದೆ. ಈಗ ಸರಿಯಾಗಿದೆ. ಎಬಿಸಿ ಪೌಡರಿನ ಬೆಂಕಿ ಆರಿಸೋ ಸಿಲಿಂಡರ್ ಒಂದು ಶೆಡ್ಡಿಗೆ, ಒಂದು ಗಾಡಿಗೆ ತಂದಿಟ್ಟೆ.

ಆ ತಾಮ್ರದ ಪೈಪು ನಾಲ್ಕು ಮೀಟರ್ ಸುಮ್ನೆ ಬಿದ್ದಿದೆ. ತುಮಕೂರು ಕಡೆ ಫ್ರಿಜ್ ಕೆಲಸ ಮಾಡೋರು ಯಾರಾದರೂ ಇದ್ದರೆ ಅರ್ಧ ರೇಟಿಗೆ ಕೊಡ್ತೀನಿ, ಅಂಗಡಿಯವನು ವಾಪಸ್ ತಗೊಳ್ತಿಲ್ಲ.