ವೋಟು ಊರಲ್ಲೋ, ಹಾಸ್ಟೆಲ್‌ನಲ್ಲೋ? ಚುನಾವಣಾ ಶಾಖೆಯಲ್ಲಿದ್ದವರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಈ ವಾರ ಉತ್ತರ ಕೊಡುವವರು ನಮ್ಮ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರ ಚುನಾವಣಾ ಶಾಖೆಯಲ್ಲಿ ಬಹುಕಾಲ ಇದ್ದು ನಿವೃತ್ತರಾದವರು. ಕಾಲೇಜು ಮಕ್ಕಳು, ಕೆಲಸಕ್ಕೆಂದು ಊರು ಬಿಟ್ಟವರು ಸಂಕೋಚವಿಲ್ಲದೆ ಕೇಳಿ. ಪಕ್ಷದ ಮಾತು ಮಾತ್ರ ಬೇಡ.

ಪ್ರಶ್ನೆ (ಬಿ.ಎಸ್‌ಸಿ ವಿದ್ಯಾರ್ಥಿನಿ, ಶಿವಮೊಗ್ಗ): ಸರ್, ನಮ್ಮೂರು ಹೊಸನಗರ ತಾಲ್ಲೂಕು. ಇಲ್ಲಿ ಹಾಸ್ಟೆಲ್‌ನಲ್ಲಿದೀನಿ. ಬರೋ ಆಗಸ್ಟ್‌ಗೆ 18 ತುಂಬುತ್ತೆ. ಮುಂದಿನ ಜನವರಿವರೆಗೂ ಕಾಯಬೇಕು ಅಂತ ಸೀನಿಯರ್ಸ್ ಹೇಳ್ತಾರೆ, ಹೌದಾ? ಹೆಸರು ಊರಲ್ಲಿ ಸೇರಿಸಲೋ, ಇಲ್ಲೋ?

ಉತ್ತರ: ಕಾಯೋದು ಬೇಡಮ್ಮ. ಜನವರಿ 1 ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದ ಪದ್ಧತಿ 2022ರಲ್ಲಿ ಬದಲಾಯಿತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಆಗಸ್ಟ್‌ನಲ್ಲಿ 18 ಆದರೆ ನಿಮ್ಮ ಲೆಕ್ಕ ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಗಡವಾಗಿಯೇ ನಮೂನೆ 6, ಅಂದರೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ಕೊಡಬಹುದು. ಇವತ್ತೇ ಕೊಡಿ.

ಎಲ್ಲಿ ಅನ್ನೋದು ನಿಮ್ಮ ಇಷ್ಟ. ಹಾಸ್ಟೆಲ್‌ನಲ್ಲಿದ್ದು ಓದುವವರು ತಂದೆ ತಾಯಿ ಇರುವ ಮನೆಯಲ್ಲಾದರೂ ಸೇರಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಬಹುದು. ಹಾಸ್ಟೆಲ್ ಅಂದರೆ ಕೋರ್ಸ್ ಮಾನ್ಯತೆ ಪಡೆದಿದ್ದು ಕನಿಷ್ಠ ಒಂದು ವರ್ಷದ್ದಾಗಿರಬೇಕು, ಪ್ರಿನ್ಸಿಪಾಲರಿಂದ ಬೋನಫೈಡ್ ಸರ್ಟಿಫಿಕೇಟ್ ಬೇಕು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು.

ಆರಿಸೋ ಮೊದಲು ಒಂದು ವಿಷಯ ತಿಳಿದಿರಲಿ. ನಿಮ್ಮ ತಾಲ್ಲೂಕು ಎರಡು ವಿಧಾನಸಭಾ ಕ್ಷೇತ್ರಕ್ಕೆ ಹಂಚಿಹೋಗಿದೆ. ಒಂದಷ್ಟು ಊರು ಸಾಗರಕ್ಕೆ, ಒಂದಷ್ಟು ತೀರ್ಥಹಳ್ಳಿಗೆ. ಆದರೆ ಎರಡೂ ಶಿವಮೊಗ್ಗ ಲೋಕಸಭೆಯೊಳಗೇ ಇವೆ. ಅಂದಮೇಲೆ ಲೋಕಸಭೆಗೆ ನೀವು ಎಲ್ಲಿ ಸೇರಿದರೂ ಅವರೇ ಅಭ್ಯರ್ಥಿಗಳು. ವ್ಯತ್ಯಾಸ ಆಗೋದು ವಿಧಾನಸಭೆಗೆ, ಅದಕ್ಕಿಂತ ಹೆಚ್ಚಾಗಿ ಗ್ರಾಮ ಪಂಚಾಯಿತಿಗೆ. ಪಂಚಾಯಿತಿ ಮತದಾರರ ಪಟ್ಟಿ ತಯಾರಾಗೋದು ವಿಧಾನಸಭೆ ಪಟ್ಟಿಯಿಂದಲೇ. ಹೆಸರು ಶಿವಮೊಗ್ಗಕ್ಕೆ ಬಂದರೆ ಊರಿನ ಪಂಚಾಯಿತಿ ವೋಟು ಹೋಯಿತು. ನಮ್ಮ ಕಡೆ ಹಳ್ಳ ದಾಟೋ ಕಾಲುಸಂಕ, ಮನೆಗೆ ಹೋಗೋ ಮಣ್ಣಿನ ರಸ್ತೆ, ಕುಡಿಯೋ ನೀರು ಎಲ್ಲಾ ಆ ಚುನಾವಣೆಯಲ್ಲಿ ಗೆದ್ದವರ ಮುಂದೆ ಹೋಗುವ ವಿಷಯಗಳು. ಕೆಲವೇ ಮತಗಳಲ್ಲಿ ಫಲಿತಾಂಶ ಬರೋದೂ ಅಲ್ಲೇ. ರಜೆಗೆಲ್ಲ ಮನೆಗೇ ಹೋಗುವ ಹುಡುಗಿಯಾದರೆ ಊರಲ್ಲೇ ಇಡಿ ಅಂತ ನನ್ನ ಸಲಹೆ. ಪರೀಕ್ಷೆ, ಬಸ್ಸಿನ ತೊಂದರೆಯಿಂದ ಆ ದಿನ ಹೋಗೋದೇ ಆಗಲ್ಲ ಅನ್ನೋದಾದರೆ ಹಾಸ್ಟೆಲ್ಲೇ ವಾಸಿ.

ಅದೇ ವಿದ್ಯಾರ್ಥಿನಿ: ಮತಗಟ್ಟೆಯಲ್ಲಿ ಕಾಲೇಜ್ ಐಡಿ ತೋರಿಸಿದರೆ ಆಗುತ್ತಾ ಸರ್?

ಉತ್ತರ: ಇಲ್ಲ. ವೋಟರ್ ಐಡಿ ಕೈಗೆ ಬಂದಿರದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಒಂದು ಒಯ್ಯಿರಿ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಐಡಿ ಕಾರ್ಡೂ ನಡೆಯಲ್ಲ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು): ನಮಸ್ಕಾರ ಸರ್. ನಾನು ಸೊರಬದವನು, ಇಲ್ಲಿ ಪಿಜಿಯಲ್ಲಿದೀನಿ. ವೋಟು ಊರಲ್ಲೇ ಇದೆ. 2024ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೆ, ಆವತ್ತು ಆಫೀಸಿಗೆ ರಜೆ. ನಮ್ಮೂರಿನ ಮತದಾನ ಮೇ 7ಕ್ಕೆ. ಆವತ್ತು ರಜೆ ಕೇಳಿದ್ದಕ್ಕೆ ‘ಇಲ್ಲಿನ ಚುನಾವಣೆ ಮುಗೀತಲ್ಲ’ ಅಂದುಬಿಟ್ರು. ಆನ್‌ಲೈನ್‌ನಲ್ಲೋ ಅಂಚೆಯಲ್ಲೋ ಹಾಕೋಕೆ ದಾರಿ ಇಲ್ವಾ? ಎರಡೂ ಕಡೆ ಹೆಸರಿಟ್ಟುಕೊಂಡರೆ?

ಉತ್ತರ: ನಿಮಗೆ ಅನ್ಯಾಯ ಆಗಿದೆ ತಮ್ಮಾ. ನಿಮ್ಮಂಥವರು ಸಾವಿರಾರು ಮಂದಿ ಇದ್ದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮತದಾನದ ಹಕ್ಕಿರುವ ಪ್ರತಿ ಉದ್ಯೋಗಿಗೂ ಆ ದಿನ ಸಂಬಳ ಸಹಿತ ರಜೆ ಕೊಡಬೇಕು, ಸಂಬಳ ಹಿಡಿಯುವಂತಿಲ್ಲ. ಇದು ಉದ್ಯೋಗಿಗೆ ಸಿಗುವ ಹಕ್ಕು. ಕಂಪನಿ ಎಲ್ಲಿದೆ ಅನ್ನೋದರ ಮೇಲೆ ಅದು ನಿಂತಿಲ್ಲ. ತನ್ನ ಕ್ಷೇತ್ರದ ಹೊರಗೆ ದುಡಿಯುವವನಿಗೂ ಅವನ ಕ್ಷೇತ್ರದ ಮತದಾನದ ದಿನ ರಜೆ ಇದೆ ಎಂದು ಚುನಾವಣಾ ಆಯೋಗವೇ ಹೇಳಿದೆ. ನಿಮ್ಮ ಪಾಲಿನ ರಜೆ ಮೇ 7ರದ್ದೇ ಆಗಿತ್ತು. ಕೆಲಸ ಬಿಟ್ಟರೆ ಅಪಾಯ ಅಥವಾ ಭಾರೀ ನಷ್ಟ ಆಗುವಂಥ ಕಡೆ ಮಾತ್ರ ವಿನಾಯಿತಿ. ತಪ್ಪಿದ ಮಾಲೀಕನಿಗೆ ದಂಡ ₹500ರವರೆಗೆ ಅಷ್ಟೇ. ಇಷ್ಟು ಸಣ್ಣ ದಂಡ ಇರೋದರಿಂದಲೇ ಯಾರೂ ಹೆದರುತ್ತಿಲ್ಲ, ಇದು ಹೆಚ್ಚಬೇಕು ಅಂತ ನನಗೆ ಬಹಳ ಕಾಲದಿಂದ ಇದೆ. ಮುಂದಿನ ಸಲ ದಿನಾಂಕ ಘೋಷಣೆಯಾದ ವಾರದಲ್ಲೇ ಎಚ್‌ಆರ್‌ಗೆ ಇ-ಮೇಲ್ ಹಾಕಿ. ಕ್ಷೇತ್ರದ ಹೆಸರು, ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ, 135ಬಿ ಕಲಂ ಇಷ್ಟನ್ನೂ ಅದರಲ್ಲಿ ಬರೆಯಿರಿ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಇಲ್ಲ ಅಂತಾರೆ, ಬರೆದದ್ದಕ್ಕೆ ಬರೆದೇ ಉತ್ತರಿಸಬೇಕು.

ಮಲೆನಾಡಿನವರೆಲ್ಲ ಒಂದೇ ದಿನ ವೋಟು ಹಾಕುತ್ತಾರೆ ಅಂತಲೂ ತಿಳಿಯಬೇಡಿ. ಪಕ್ಕದ ಕೊಪ್ಪ, ಶೃಂಗೇರಿಯವರು ಉಡುಪಿ ಚಿಕ್ಕಮಗಳೂರು ಕ್ಷೇತ್ರದವರು, ಅವರದ್ದು ಏಪ್ರಿಲ್ 26ಕ್ಕೇ ಮುಗಿದಿತ್ತು. ಅತ್ತ ಉಡುಪಿ ಜಿಲ್ಲೆಯ ಬೈಂದೂರು ನಮ್ಮ ಶಿವಮೊಗ್ಗಕ್ಕೆ ಸೇರಿದೆ.

ಆನ್‌ಲೈನ್ ಮತದಾನ ಇಲ್ಲ. ಖಾಸಗಿ ಉದ್ಯೋಗಿಗೆ, ವಿದ್ಯಾರ್ಥಿಗೆ ಅಂಚೆ ಮತಪತ್ರವೂ ಇಲ್ಲ. ಅದು ಸೈನಿಕರಿಗೆ, ಚುನಾವಣಾ ಕರ್ತವ್ಯದವರಿಗೆ, ನಮೂನೆ 12ಡಿ ಕೊಟ್ಟ 85 ದಾಟಿದವರಿಗೆ, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ, ಆಯೋಗ ಗುರುತಿಸಿದ ಅಗತ್ಯ ಸೇವೆಯವರಿಗೆ.

ಎರಡು ಕಡೆ ಹೆಸರು ಕೂಡದು. ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಘೋಷಣೆ ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಊರಿಗೆ ಹೋಗೋದು ಇನ್ನು ಕಷ್ಟ ಅನಿಸಿದರೆ ಬೆಂಗಳೂರಿಗೆ ವರ್ಗ ಮಾಡಿಸಿಕೊಳ್ಳಿ. ಅದಕ್ಕೆ ನಮೂನೆ 8. ಬಹಳ ಜನ ಗೊತ್ತಿಲ್ಲದೆ ಹೊಸದಾಗಿ ನಮೂನೆ 6 ಹಾಕುತ್ತಾರೆ, ಎರಡೆರಡು ಹೆಸರು ಹುಟ್ಟೋದು ಅಲ್ಲೇ. ನಮೂನೆ 8ರಲ್ಲಿ ಹಳೇ ಎಪಿಕ್ ನಂಬರೇ, ಅಂದರೆ ವೋಟರ್ ಐಡಿ ನಂಬರೇ, ಮುಂದುವರಿಯುತ್ತದೆ, ಊರಿನ ಹೆಸರು ತೆಗೆದುಹಾಕುತ್ತಾರೆ.

ಪ್ರಶ್ನೆ (ಬಟ್ಟೆ ಅಂಗಡಿ ಕೆಲಸ, ಸಾಗರ): ದಿನಗೂಲಿಯವರಿಗೂ ಆ ರಜೆ ಉಂಟಾ ಸರ್?

ಉತ್ತರ: ಉಂಟು. ಅಂಗಡಿ, ಮಿಲ್ಲು, ತೋಟ ಯಾವುದಾದರೂ ಸರಿ. ದಿನಗೂಲಿಯವರಿಗೂ ಆ ದಿನದ ಕೂಲಿ ಕೊಡಬೇಕು ಅಂತ ಅದೇ ಕಲಂನಲ್ಲಿದೆ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಸಾಗರ): ನನ್ನ ವೋಟು ಸಾಗರದಲ್ಲಿ, ಚುನಾವಣಾ ಡ್ಯೂಟಿ ಪ್ರತಿ ಸಲ ಬೇರೆ ತಾಲ್ಲೂಕಿಗೆ ಬೀಳುತ್ತೆ. ವೋಟು ಹಾಕೋದು ಹೇಗೆ?

ಉತ್ತರ: ಮೇಡಂ, ಯಾವ ಚುನಾವಣೆ ಅನ್ನೋದರ ಮೇಲಿದೆ. ಲೋಕಸಭೆಗೆ ನಿಮ್ಮನ್ನು ಶಿಕಾರಿಪುರಕ್ಕೆ ಹಾಕಿದರೂ ಅದು ಶಿವಮೊಗ್ಗ ಕ್ಷೇತ್ರದೊಳಗೇ. ನಮೂನೆ 12ಎ ಕೊಟ್ಟು ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ, ಪಡೆದರೆ ಕರ್ತವ್ಯದ ಮತಗಟ್ಟೆಯಲ್ಲೇ ವೋಟು ಹಾಕಬಹುದು. ವಿಧಾನಸಭೆಯಲ್ಲಾದರೆ ಶಿಕಾರಿಪುರ ಬೇರೆ ಕ್ಷೇತ್ರ, ನಮೂನೆ 12ರಲ್ಲಿ ಅಂಚೆ ಮತಪತ್ರ ಕೇಳಬೇಕು. ಮೊದಲ ತರಬೇತಿ ದಿನವೇ ಅರ್ಜಿ ಕೊಟ್ಟುಬಿಡಿ. ಹತ್ತಾರು ಬೂತ್ ನಡೆಸಿಕೊಟ್ಟ ಶಿಕ್ಷಕರೇ ತಮ್ಮ ವೋಟು ಕಳೆದುಕೊಳ್ಳೋದು ನನಗೆ ಸಹಿಸಲಾಗದ ಸಂಗತಿ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ): ಅಣ್ಣನ ಹತ್ತಿರ ಕಾರ್ಡ್ ಇತ್ತು, ಬೂತ್‌ಗೆ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರು.

ಉತ್ತರ: ಕಾರ್ಡ್ ಗುರುತಿಗೆ ಮಾತ್ರ, ವೋಟು ಸಿಗೋದು ಪಟ್ಟಿಯಲ್ಲಿ ಹೆಸರಿದ್ದರೆ. ವರ್ಷಕ್ಕೊಮ್ಮೆ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ನೋಡಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಸಿಗದ ಊರಾದರೆ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಹತ್ತಿರ ಕೇಳಿ, ಹೆಚ್ಚಿನ ಕಡೆ ಅಂಗನವಾಡಿಯವರೋ ಶಾಲೆಯವರೋ ಇರುತ್ತಾರೆ. ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ 10 ದಿನ ಇರುವಾಗಲೇ ಹೆಸರು ಸೇರಿಸುವ ಅರ್ಜಿ ಮುಟ್ಟಿರಬೇಕು. ಆಮೇಲೆ ಕೊಟ್ಟರೆ ಆ ಚುನಾವಣೆಗೆ ಸಿಗೋದು ಕಷ್ಟ.

ಪ್ರಶ್ನೆ (ಅಂತಿಮ ವರ್ಷದ ಬಿ.ಎ., ತೀರ್ಥಹಳ್ಳಿ): ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಗೆ ನಾವೂ ಸೇರಬಹುದಾ?

ಉತ್ತರ: ಈಗಲೇ ಆಗಲ್ಲ. ಪದವಿ ಮುಗಿದು ಮೂರು ವರ್ಷ ತುಂಬಿರಬೇಕು, ಆ ಲೆಕ್ಕಕ್ಕೆ ಹಿಡಿಯೋದು ನವೆಂಬರ್ 1. ನಮ್ಮ ಜಿಲ್ಲೆ ನೈರುತ್ಯ ಪದವೀಧರ ಕ್ಷೇತ್ರಕ್ಕೆ ಸೇರಿದೆ. ಕಳೆದ ಮತದಾನ 2024ರ ಜೂನ್ 3ಕ್ಕೆ ಆಯಿತು, ಅವಧಿ ಆರು ವರ್ಷ. ಇದರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಹೆಸರಿದ್ದವರೂ ಮತ್ತೆ ನಮೂನೆ 18 ಕೊಡಬೇಕು, ಶಿಕ್ಷಕರ ಕ್ಷೇತ್ರಕ್ಕಾದರೆ ನಮೂನೆ 19. ಅಲ್ಲಿ ಮತಯಂತ್ರ ಇರಲ್ಲ. ಮತಪತ್ರದಲ್ಲಿ ಹೆಸರಿನ ಎದುರು 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು, ಅದೂ ಮತಗಟ್ಟೆಯಲ್ಲೇ ಕೊಡುವ ಪೆನ್ನಿನಲ್ಲಿ. ಟಿಕ್ ಹಾಕಿದರೆ ಮತ ತಿರಸ್ಕೃತ.