ಅಮೆರಿಕದಲ್ಲಿ ಪಕ್ಷದ ಟಿಕೆಟ್ ಕೊಡುವವರು ಯಾರು?

ಪ್ರಶ್ನೆ:
ನಮ್ಮಲ್ಲಿ ಹೈಕಮಾಂಡ್ ಯಾರಿಗೆ ಬಿ ಫಾರಂ ಕೊಡುತ್ತದೆಯೋ ಅವರೇ ಅಭ್ಯರ್ಥಿ. ಅಮೆರಿಕದಲ್ಲಿ ಅಭ್ಯರ್ಥಿಯನ್ನೂ ಜನರೇ ಪ್ರೈಮರಿ ಚುನಾವಣೆಯಲ್ಲಿ ಆರಿಸುವುದಾದರೆ ಪಕ್ಷದ ಮುಖಂಡರ ಕೈಯಲ್ಲಿ ಉಳಿಯುವುದೇನು? 2024ರಲ್ಲಿ ಕಮಲಾ ಹ್ಯಾರಿಸ್ ಒಂದೂ ಪ್ರೈಮರಿ ಗೆಲ್ಲದೆ ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯಾದದ್ದು ಹೇಗೆ ಎಂಬುದೂ ನನಗೆ ಬಗೆಹರಿದಿಲ್ಲ.

ಉತ್ತರ 1:
ಎರಡನೆಯದನ್ನು ಮೊದಲು ಹೇಳುತ್ತೇನೆ. ಅಧ್ಯಕ್ಷೀಯ ಪ್ರೈಮರಿಯಲ್ಲಿ ಜನರು ಹಾಕುವ ಮತ, ಪಕ್ಷದ ಅಧಿವೇಶನಕ್ಕೆ ಹೋಗುವ ಪ್ರತಿನಿಧಿಗಳ ಲೆಕ್ಕವನ್ನು ನಿರ್ಧರಿಸುತ್ತದೆ; ಅಭ್ಯರ್ಥಿಯನ್ನು ವಿಧ್ಯುಕ್ತವಾಗಿ ಆರಿಸುವವರು ಆ ಪ್ರತಿನಿಧಿಗಳೇ. ಪ್ರೈಮರಿಗಳನ್ನು ಗೆದ್ದಿದ್ದ ಅಂದಿನ ಅಧ್ಯಕ್ಷ ಬೈಡನ್ 2024ರ ಜುಲೈ 21ರಂದು ಹಿಂದೆ ಸರಿದಾಗ ಅವರ ಪಾಲಿನ ಪ್ರತಿನಿಧಿಗಳು ಸ್ವತಂತ್ರರಾದರು, ಬಹುತೇಕ ಎಲ್ಲರೂ ಹ್ಯಾರಿಸ್ ಅವರ ಕಡೆ ನಿಂತರು.

ಪ್ರೈಮರಿಗಳು ಬಹಳ ಹಿಂದಿನಿಂದ ಇದ್ದರೂ ಅಧ್ಯಕ್ಷೀಯ ಅಭ್ಯರ್ಥಿಯ ವಿಷಯದಲ್ಲಿ ಅವುಗಳ ಮಾತೇ ಅಂತಿಮವಾದದ್ದು 1972ರಿಂದ ಈಚೆಗೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳ ಕಣಕ್ಕೇ ಇಳಿಯದೆ, ಮುಖಂಡರ ಹಿಡಿತದಲ್ಲಿದ್ದ ಪ್ರತಿನಿಧಿಗಳ ಬಲದಿಂದ ಷಿಕಾಗೋ ಅಧಿವೇಶನದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಹೊರಗೆ ವಿಯೆಟ್ನಾಂ ಯುದ್ಧದ ವಿರೋಧಿಗಳ ಮೇಲೆ ಪೊಲೀಸರು ಲಾಠಿ ಬೀಸುತ್ತಿದ್ದರು. ಆ ಅಸಮಾಧಾನದಿಂದ ಹುಟ್ಟಿದ ಮೆಕ್‌ಗವರ್ನ್–ಫ್ರೇಸರ್ ಆಯೋಗವು ನಿಯಮಗಳನ್ನು ತಿದ್ದಿತು. ಹೊಸ ನಿಯಮಗಳಡಿ ಮೊದಲು ಡೆಮಾಕ್ರಟಿಕ್ ಅಭ್ಯರ್ಥಿಯಾದವರು ಆ ಆಯೋಗದ ಅಧ್ಯಕ್ಷರಾಗಿದ್ದ ಮೆಕ್‌ಗವರ್ನ್ ಅವರೇ ಎಂಬುದು ಸ್ವಾರಸ್ಯ.

ಉತ್ತರ 2:
ನಾನು ಮಿಷಿಗನ್ ರಾಜ್ಯದ ಮತದಾರ. ಇಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿ ಇಲ್ಲ. ಆಗಸ್ಟ್ ಪ್ರೈಮರಿಯ ಮತಪತ್ರದಲ್ಲಿ ಎರಡೂ ಪಕ್ಷಗಳ ಅಂಕಣಗಳು ಅಕ್ಕಪಕ್ಕದಲ್ಲಿರುತ್ತವೆ. ಆ ಕಡೆ ಒಂದು, ಈ ಕಡೆ ಒಂದು ಗುರುತು ಹಾಕಿದರೆ ಪಕ್ಷಗಳ ಭಾಗದ ಮತಗಳೆಲ್ಲ ಅಸಿಂಧು. ಮೊದಲ ಸಲ ನಾನು ಆ ತಪ್ಪನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ.

ಮುಖಂಡರ ಬಲ ಎಷ್ಟೆಂಬುದಕ್ಕೆ ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರನ್ನೇ ನೋಡಿ. 2018ರಲ್ಲಿ ಗವರ್ನರ್ ಸ್ಥಾನದ ಪ್ರೈಮರಿಯಲ್ಲಿ ಸೋತಿದ್ದ ಅವರು, 2022ರಲ್ಲಿ ಡೆಟ್ರಾಯಿಟ್ ಭಾಗದ 13ನೇ ಕ್ಷೇತ್ರದಲ್ಲಿ ಸ್ವಂತ ಹಣ ಹೂಡಿ ನಿಂತರು. ಸ್ಥಳೀಯ ಮುಖಂಡರಲ್ಲಿ ಹಲವರು ಬೇರೊಬ್ಬರನ್ನು ಬೆಂಬಲಿಸಿದರೂ ಅವರನ್ನು ತಡೆಯಲಾಗಲಿಲ್ಲ. ಒಂಬತ್ತು ಜನರ ನಡುವೆ ಶೇಕಡ 28ರಷ್ಟು ಮತ ಗೆಲುವಿಗೆ ಸಾಕಾಯಿತು. ಅದು ಡೆಮಾಕ್ರಟರ ಭದ್ರಕೋಟೆಯಾದ್ದರಿಂದ ನವೆಂಬರಿನ ಚುನಾವಣೆ ಶಾಸ್ತ್ರಕ್ಕಷ್ಟೇ. ಇಷ್ಟು ಕಡಿಮೆ ಮತಕ್ಕೆ ಸಂಸತ್ ಸ್ಥಾನ ಸಿಗುವುದು ನನಗಂತೂ ಸರಿಕಾಣುವುದಿಲ್ಲ. ಟೆಕ್ಸಸ್, ಜಾರ್ಜಿಯಾಗಳಲ್ಲಿರುವಂತೆ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮರುಸ್ಪರ್ಧೆ ನಡೆಸುವುದು ಮೇಲು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಸೂಪರ್ ಡೆಲಿಗೇಟ್ ಎಂಬುವರು ಈಗಲೂ ಇದ್ದಾರೆಯೇ?

ಉತ್ತರ 1:
ಡೆಮಾಕ್ರಟಿಕ್ ಪಕ್ಷದಲ್ಲಿ ಇದ್ದಾರೆ. ಪ್ರೈಮರಿಯ ಫಲಿತಾಂಶಕ್ಕೆ ಬದ್ಧರಾಗಬೇಕಿಲ್ಲದ, ತಮ್ಮ ಹುದ್ದೆಯಿಂದಲೇ ಪ್ರತಿನಿಧಿಗಳಾಗುವ ಪಕ್ಷದ ಮುಖಂಡರು ಇವರು. ಆದರೆ 2016ರಲ್ಲಿ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಎದುರು ಸೋತ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲಿಗರು ತಕರಾರೆತ್ತಿದ ಬಳಿಕ 2018ರಲ್ಲಿ ನಿಯಮ ಬದಲಾಯಿತು. ಫಲಿತಾಂಶ ಮೊದಲೇ ಖಚಿತವಾಗಿದ್ದ ಹೊರತು ಅಧಿವೇಶನದ ಮೊದಲ ಸುತ್ತಿನಲ್ಲಿ ಅವರಿಗೆ ಮತವಿಲ್ಲ.